ಹೆಣ್ಣು ಗೂಡಿನ ಹೊಳಪು

ನಿನ್ನೆ ಸಂಜೆ ಬಂದ ಸಂದೇಶಕ್ಕೆ ಪಂಕಜ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಒಮ್ಮೆ, ಸ್ನಾನಕ್ಕೆ ಹೋಗುವ ಮೊದಲು ಒಮ್ಮೆ, ಈಗ ತಿಂಡಿಯ ತಟ್ಟೆಯ ಪಕ್ಕ ಮತ್ತೊಮ್ಮೆ ಫೋನು ತೆರೆದು ಓದಿದಳು. 'ಮೇಡಂ, ಚಿಂತಾಮಣಿ ಗೂಡುಗಳ ರಿಸಲ್ಟ್ ಬಂತು. ಐವತ್ತೊಂದು ಪರ್ಸೆಂಟ್. ಎಲ್ಲೋ ನಾನೇ ತಪ್ಪು ಮಾಡಿದ್ದೀನಿ ಅನ್ಸುತ್ತೆ.' ಕಳಿಸಿದವಳು ಕವಿತ, ಅವಳ ಕೈಕೆಳಗೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿರುವ ಹುಡುಗಿ. ತೊಂಬತ್ತಾರು ಇರಬೇಕಾದಲ್ಲಿ ಐವತ್ತೊಂದು. ಕಣ್ಣು ಮುಚ್ಚಿಕೊಂಡು ಗಂಡು, ಹೆಣ್ಣು, ಗಂಡು, ಹೆಣ್ಣು ಎಂದು ಬಾಯಿಗೆ ಬಂದಂತೆ ಹೇಳುತ್ತ ಹೋದರೂ ನೂರಕ್ಕೆ ಐವತ್ತು ಸರಿಯಾಗುತ್ತದೆ. ಆದರೆ ಪಂಕಜಳ ಕಣ್ಣು ಹೋಗಿ ನಿಂತದ್ದು ಆ ಸಂಖ್ಯೆಯ ಮೇಲಲ್ಲ, 'ನಾನೇ' ಎಂಬ ಮಾತಿನ ಮೇಲೆ. ಅದನ್ನು ಓದಿದಾಗ ಒಳಗೆಲ್ಲೋ ಒಂದು ಸಣ್ಣ ಸಮಾಧಾನವಾಗಿತ್ತು. ಹೌದು, ಅವಳದೇ ತಪ್ಪಿರಬೇಕು, ಕ್ಯಾಮೆರಾದ ಲೆನ್ಸ್ ಒರೆಸಿರುವುದಿಲ್ಲ. ಆ ಸಮಾಧಾನವೇ ರಾತ್ರಿಯಿಡೀ ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತ್ತು. ಎದುರಿಗೆ ಸತ್ಯಮೂರ್ತಿ ಪೇಪರಿನ ಹಿಂದಿನಿಂದ ಬುಧವಾರಕ್ಕೆ ಯಾವ ಸೀರೆ ಎಂದು ಕೇಳಿದರು. ಬುಧವಾರ ಪ್ರೊಫೆಸರ್ ಹುದ್ದೆಯ ಸಂದರ್ಶನ. ಹೋದ ಸಲ ಹಸಿರು ಉಟ್ಟಿದ್ದೆಯಲ್ಲ, ಈ ಸಲ ಹಸಿರು ಬೇಡ ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳ ಕೆಲಸದ ಬಗ್ಗೆ ಅವರಿಗೆ ಹೇಳಲು ಸಿಕ್ಕಿದ ಮಾತು ಅದು, ಪ್ರೀತಿಯಿಂದಲೇ ಹೇಳಿದ್ದು. ನೋಡೋಣ ಎಂದು ಅವಳು ಎದ್ದು ಡಬ್ಬಿಗೆ ಚಿತ್ರಾನ್ನ ತುಂಬಿದಳು.

ರೇಷ್ಮೆ ಗೂಡಿನೊಳಗಿನ ಹುಳು ಗಂಡೋ ಹೆಣ್ಣೋ ಎಂದು ಗೂಡನ್ನು ಕೊಯ್ಯದೆ, ಫೋಟೋ ನೋಡಿ ಹೇಳುವುದು. ಅವರ ಕೆಲಸ ಇಷ್ಟೇ. ರೈತರಿಗೆ ಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಬರುವ ಮೊದಲೇ ಗಂಡು ಹೆಣ್ಣನ್ನು ಬೇರೆ ಮಾಡಿಡಬೇಕು. ಹೆಂಗಸರು ಸಾಲಾಗಿ ಕುಳಿತು ಬ್ಲೇಡಿನಿಂದ ಒಂದೊಂದೇ ಗೂಡಿನ ತುದಿ ಕೊಯ್ದು, ಹುಳುವಿನ ಬಾಲದ ಬಳಿಯ ಗುರುತು ನೋಡಿ, ಹೆಣ್ಣನ್ನು ಒಂದು ತಟ್ಟೆಗೆ, ಗಂಡನ್ನು ಇನ್ನೊಂದಕ್ಕೆ ಹಾಕುತ್ತಾರೆ. ದಿನಕ್ಕೆ ಸಾವಿರಗಟ್ಟಲೆ. ಮೂರು ವರ್ಷದ ಹಿಂದೆ ಶಿಡ್ಲಘಟ್ಟದ ಒಂದು ಖಾಸಗಿ ಕೋಠಿಗೆ ಕವಿತಳೊಂದಿಗೆ ಮೊದಲ ಸಲ ಹೋದಾಗ ಪಂಕಜ ಬಾಗಿಲಲ್ಲೇ ವಾಸನೆಗೆ ಮೂಗು ಮುಚ್ಚಿಕೊಂಡಿದ್ದಳು. ಅದನ್ನು ಕಂಡು ನಕ್ಕು, ಬನ್ನಿ ಮೇಡಮ್ಮ, ಒಂದು ಗಳಿಗೆ ಆದ್ರೆ ಮೂಗೇ ಸುಮ್ನಾಗ್ತದೆ ಎಂದವಳು ಕೊಂಡಮ್ಮ. ಮೂವತ್ತು ವರ್ಷದಿಂದ ಗೂಡು ಕೊಯ್ದು ಅವಳ ಹೆಬ್ಬೆರಳ ಮೇಲೆ ಗೆರೆ ಬಿದ್ದಿತ್ತು. ಗಂಡು ಹೆಣ್ಣಿನ ಗೂಡು ಯೂವಿ ಎನ್ನುವ ನೇರಳಾತೀತ ಬೆಳಕಿನಲ್ಲಿ ಬೇರೆ ಬೇರೆಯಾಗಿ ಹೊಳೆಯುತ್ತವೆಂದು ಪಂಕಜ ಎಲ್ಲೋ ಓದಿದ್ದಳು. ಕಪ್ಪು ಬಣ್ಣ ಬಳಿದ ಪೆಟ್ಟಿಗೆ, ಒಳಗೆ ಆ ದೀಪ, ಮೇಲೊಂದು ಕ್ಯಾಮೆರಾ. ಕೊಂಡಮ್ಮ ವಿಂಗಡಿಸಿ ಕೊಟ್ಟ ಗೂಡುಗಳಿಗೆ ಕೊಯ್ದ ಟೊಪ್ಪಿಯನ್ನು ಮತ್ತೆ ಮುಚ್ಚಿ, ಪೆಟ್ಟಿಗೆಯಲ್ಲಿಟ್ಟು ಫೋಟೋ ತೆಗೆದರು. ಆರು ಸಾವಿರ ಫೋಟೋ. ಅವನ್ನು ನೋಡಿ ಕಲಿತ ಕಂಪ್ಯೂಟರ್ ನೂರಕ್ಕೆ ತೊಂಬತ್ತಾರು ಗೂಡನ್ನು ಸರಿಯಾಗಿ ಹೇಳಿತ್ತು. ಗಂಡು ಮಂಕಾದ ನೀಲಿ. ಹೆಣ್ಣಿನ ಅಂಚಿನಲ್ಲಿ, ಆಹಾ, ಎಳೆ ಬಿಸಿಲಿನಂಥ ಹಳದಿ. ಮೊದಲ ದಿನ ಪರದೆಯ ಮೇಲೆ ಅದು ಮೂಡಿದಾಗ ಪಂಕಜಳ ಕಣ್ಣು ತುಂಬಿ ಬಂದಿತ್ತು. ಹುಡುಗಿಯೆದುರು ಕಣ್ಣೊರೆಸಿಕೊಳ್ಳಲು ನಾಚಿ ಕನ್ನಡಕ ಒರೆಸಿದ್ದಳು.

ಕಾಲೇಜಿನ ಮೆಟ್ಟಿಲ ಬಳಿ ವಿಭಾಗದ ಮುಖ್ಯಸ್ಥ ಕೇಶವ್ ಸಿಕ್ಕಿ, ಬುಧವಾರದ ಸಮಿತಿಯವರು ಬಂದಾಗ ಆ ಕೋಠಿ ಹೆಂಗಸಿನ ಕೈ ಫೋಟೋದಿಂದಲೇ ಶುರು ಮಾಡಿ, ಅದು ಇಂಪ್ಯಾಕ್ಟ್ ಎಂದ. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಮೀಟಿಂಗಿನಲ್ಲಿ ಉಳಿದವರನ್ನೆಲ್ಲ ಡಾಕ್ಟರ್ ಇಂಥವರು ಎಂದು ಕರೆದು ಅವಳ ಸರದಿ ಬಂದಾಗ ಪಂಕಜಮ್ಮ ಎನ್ನುತ್ತಾನೆ. ಗೌರವಕ್ಕೇ ಅನ್ನುವುದು, ಅದರಲ್ಲಿ ದೂರುವಂಥದ್ದೇನೂ ಇಲ್ಲ. ಮೂರನೆಯ ಮಹಡಿಗೆ ಏರುವಷ್ಟರಲ್ಲಿ ಕತ್ತಿನ ಹಿಂದೆ ಬೆವರಿಳಿಯಿತು. ಈಚೆಗೆ ಇದೊಂದು, ಒಳಗಿನಿಂದ ಯಾರೋ ಒಲೆ ಹಚ್ಚಿದಂತೆ. ಕಿಟಕಿಯಲ್ಲಿ ಸ್ಕಂದಗಿರಿಯ ತಲೆ ಮೋಡದೊಳಗಿತ್ತು. ಏಳನೆಯ ಸೆಮಿಸ್ಟರಿನ ಮಕ್ಕಳು ಅರ್ಧ ನಿದ್ದೆಯಲ್ಲಿ ಕುಳಿತಿದ್ದರು. ಚಿತ್ರದಲ್ಲಿ ಯಾವುದು ವಿಷಯ, ಯಾವುದು ಗದ್ದಲ ಎಂಬುದು ಇಂದಿನ ಪಾಠ. ಯಾವ ಪಾಠವೇ ಆಗಲಿ ಅವಳು ಆ ಫೋಟೋದಿಂದಲೇ ಶುರು ಮಾಡುತ್ತಾಳೆ, ಅದೀಗ ದೇವರಿಗೆ ಕೈ ಮುಗಿದಂತೆ ರೂಢಿಯಾಗಿ ಹೋಗಿದೆ. ಗೋಡೆಯ ಮೇಲೆ ಕೊಂಡಮ್ಮನ ಕೈ ದೊಡ್ಡದಾಗಿ ಬಂತು. ಬಿಳಿ ಗೂಡುಗಳ ತಟ್ಟೆಯ ಮೇಲೆ ಚಾಚಿದ ಕೈ, ಬೆರಳ ತುದಿಯಲ್ಲಿ ಅರಿಶಿನ. ನೋಡಿ, ಅಲ್ಲಿನ ಹೆಂಗಸರು ಹೆಣ್ಣು ಗೂಡಿನ ತಟ್ಟೆಗೆ ಅರಿಶಿನ ಇಡುತ್ತಾರೆ, ತಾಯಾಗುವ ಮಗಳಿಗೆ ಇಟ್ಟ ಹಾಗೆ. ಯಂತ್ರ ನೋಡಲಾರದ್ದನ್ನು ಈ ಕೈ ನೋಡುತ್ತದೆ ಎಂದು ಅವಳ ಬಾಯಿ ಹೇಳಿತು. ಮೊದಲ ಬೆಂಚಿನಲ್ಲಿ ಅನ್ವಿತಾ ಎಂಬ ಹುಡುಗಿ ಕೈಯೆತ್ತಿದಳು.

"ಮ್ಯಾಮ್, ಅರಿಶಿನ ಯೂವಿಯಲ್ಲಿ ಹೊಳೆಯುತ್ತಲ್ವಾ? ರೀಲ್ಸ್‌ನಲ್ಲಿ ಎಲ್ಲರೂ ಮಾಡ್ತಿದ್ರಲ್ಲ, ಕೆಳಗೆ ಮೊಬೈಲ್ ಲೈಟ್ ಇಟ್ಟು ನೀರಿಗೆ ಅರಿಶಿನ ಹಾಕೋದು. ಯೂವಿಯಲ್ಲಿ ಇನ್ನೂ ಜಾಸ್ತಿ ಅಂತೆ."

ಹಿಂದಿನ ಬೆಂಚಿನಿಂದ ಯಾರೋ, ಅವಳು ಮಾಡಿದ ರೀಲಿಗೆ ನಲವತ್ತೇ ಲೈಕು ಮ್ಯಾಮ್ ಎಂದರು, ಎಲ್ಲರೂ ನಕ್ಕರು. ಪಂಕಜಳೂ ನಕ್ಕಳು. ಒಳ್ಳೆಯ ಪ್ರಶ್ನೆ ಎಂದಳು. ಆಮೇಲೆ ಮುಂದಿನ ಸ್ಲೈಡ್ ಒತ್ತಿದಳು. ನಲವತ್ತು ನಿಮಿಷ ಪಾಠ ಮಾಡಿದಳು, ಬೋರ್ಡಿನ ಮೇಲೆ ಬರೆದಳು, ಹಾಜರಿ ಹಾಕಿದಳು, ತನ್ನ ದನಿಯನ್ನು ಮಾತ್ರ ಪಕ್ಕದ ಕೋಣೆಯಿಂದ ಯಾರೋ ಮಾತಾಡುತ್ತಿರುವಂತೆ ಕೇಳಿಸಿಕೊಂಡಳು. ಗದ್ದಲವೆಂದರೆ ಹೊರಗಿನಿಂದ ಬಂದು ಚಿತ್ರದೊಳಗೆ ಕೂತು ತಾನೇ ವಿಷಯವೆಂಬಂತೆ ತೋರುವುದು ಎಂದು ಆ ದನಿ ಹೇಳುತ್ತಿತ್ತು. ಮನೆಯಲ್ಲಿ ಅಕ್ಕನ ಮೊಮ್ಮಗಳಿಗಾಗಿ ಅವಳೇ ಒಂದು ಸಂಜೆ ದೀಪ ಆರಿಸಿ, ಗಾಜಿನ ಲೋಟದಡಿ ಫೋನಿಟ್ಟು, ನೀರಿಗೆ ಚಿಟಿಕೆ ಅರಿಶಿನ ಹಾಕಿದ್ದಳಲ್ಲ. ಹಳದಿ ಮೋಡ ನಿಧಾನವಾಗಿ ಇಳಿಯುವಾಗ ಮಗು ಕಿರುಚಿ ಅಪ್ಪಿಕೊಂಡಿತ್ತು. ಆಗಲೂ ಹೊಳೆದಿರಲಿಲ್ಲ. ಲೋಟದಲ್ಲಿ ಹೊಳೆದದ್ದು ತಲೆಯಲ್ಲಿ ಹೊಳೆದಿರಲಿಲ್ಲ.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಆಯುಧಪೂಜೆಗೆಂದು ಇಟ್ಟ ಸರಸ್ವತಿಯ ಪಟದ ಕೆಳಗೆ ಅರಿಶಿನ ಕುಂಕುಮದ ಜೋಡಿ ಬಟ್ಟಲಿತ್ತು. ಪಂಕಜ ಬಾಗಿಲಿಗೆ ಚಿಲಕ ಹಾಕಿದಳು. ಯಂತ್ರವನ್ನು ಪರೀಕ್ಷಿಸಲು ಮೊನ್ನೆ ಚಿಂತಾಮಣಿಯ ಕೋಠಿಯಿಂದ ತಂದ ಗೂಡುಗಳಲ್ಲಿ ಗಂಡು ಎಂದು ಬರೆದ ಒಂದನ್ನು ತೆಗೆದು ಕಪ್ಪು ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದಳು. ಮಂಕು ನೀಲಿ. ತೆಗೆದಳು. ಬೆರಳ ತುದಿಗೆ ಬಟ್ಟಲಿನ ಅರಿಶಿನ ಮುಟ್ಟಿಸಿ, ಆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅದೇ ಬೆರಳಿನಿಂದ ಗೂಡನ್ನು ಎತ್ತಿ ಮತ್ತೆ ಇಟ್ಟಳು. ಪರದೆಯ ಮೇಲೆ ಎಳೆ ಬಿಸಿಲಿನಂಥ ಹಳದಿ. ಕಂಪ್ಯೂಟರ್ ತಡಮಾಡದೆ ಹೆಣ್ಣು ಎಂದಿತು. ತೊಂಬತ್ತೆಂಟು ಪಾಲು ಖಚಿತ ಎಂದಿತು. ಪಂಕಜ ಸ್ಟೂಲಿನ ಮೇಲೆ ಕುಳಿತಳು. ಆರು ಸಾವಿರ ಫೋಟೋಗಳಲ್ಲಿ ಯಂತ್ರ ಕಲಿತದ್ದು ಅರಿಶಿನವನ್ನು. ಹುಳುವನ್ನು ಅದು ನೋಡಿಯೇ ಇಲ್ಲ, ಪಾಪ, ಅದಕ್ಕೆ ನೋಡು ಎಂದು ತೋರಿಸಿದ್ದನ್ನು ನೋಡಿದೆ. ಮೊದಲ ವಾರವೇ ಕವಿತ, ಮೊದಲು ಫೋಟೋ ತೆಗೆದು ಗೂಡಿಗೆ ನಂಬರ್ ಹಾಕಣ ಮೇಡಂ, ಆಮೇಲೆ ಕೊಂಡಮ್ಮ ಕೊಯ್ದು ಗಂಡೋ ಹೆಣ್ಣೋ ಹೇಳಲಿ ಎಂದಿದ್ದಳು. ಅಷ್ಟು ಹೊತ್ತು ಕೋಠಿಯವರ ಕೆಲಸ ನಿಲ್ಲಿಸಲಾಗುವುದಿಲ್ಲ, ಸಮ್ಮೇಳನಕ್ಕೆ ಇಪ್ಪತ್ತು ದಿನ ಉಳಿದಿದೆ, ವಿಂಗಡಿಸಿದ ಮೇಲೇ ತೆಗೆ ಎಂದವಳು ಪಂಕಜ. ಹುಡುಗಿ, ಆಯ್ತು ಮೇಡಂ ಎಂದಿದ್ದಳು. ಮೊನ್ನೆ ಚಿಂತಾಮಣಿಯಲ್ಲಿ ಮಾತ್ರ, ಮೇಲ್ವಿಚಾರಣೆಗೆ ಯಾರೂ ಇಲ್ಲದಿರುವಾಗ, ತನಗೆ ಸರಿ ಕಂಡಂತೆ ಮಾಡಿದ್ದಳು. ಮೊದಲು ಫೋಟೋ, ಆಮೇಲೆ ಬ್ಲೇಡು. ಆ ಹೆಮ್ಮೆಯ ತೊಂಬತ್ತಾರರ ಪ್ರಬಂಧದಲ್ಲಿ ಮೊದಲ ಹೆಸರು ಪಂಕಜಳದು, ಎರಡನೆಯದು ಕವಿತಳದು. ಬಡ್ತಿಯ ಅರ್ಜಿಗೆ ಮೊದಲ ಹೆಸರೇ ಬೇಕಿತ್ತು. ನಿನಗೆ ಇನ್ನೂ ವಯಸ್ಸಿದೆ ಕಣಮ್ಮ, ಮುಂದಿನದರಲ್ಲಿ ನೀನೇ ಮೊದಲು ಎಂದಿದ್ದಳು. ಆಗಲೂ ಹುಡುಗಿ, ಆಯ್ತು ಮೇಡಂ.

ಬಾಗಿಲು ತಟ್ಟಿದ ಸದ್ದಾಯಿತು, ಪಂಕಜ ಎದ್ದು ಚಿಲಕ ತೆಗೆದಳು. ಕವಿತ ಎದೆಗೊತ್ತಿಕೊಂಡು ತಂದ ಪ್ರತಿಗಳು ನೀಲಿ ರಟ್ಟಿನವು, ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಜೊತೆಗೆ ವಿಭಾಗದ ಅಟೆಂಡರ್ ಮುನೇಶ್, ಕೈಯಲ್ಲಿ ಸೀಲು. ಸೋಮವಾರ ಮಹಾಪ್ರಬಂಧ ಸಲ್ಲಿಸಲು ಕಡೆಯ ದಿನ, ಮಾರ್ಗದರ್ಶಕಿಯ ಪ್ರಮಾಣಪತ್ರಕ್ಕೆ ಇವತ್ತು ಸಹಿಯಾಗಬೇಕು. ಸಲ್ಲಿಸಿದ ರಸೀದಿ ತೋರಿಸಿದರೆ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಕವಿತಳಿಗೆ ಕೆಲಸ ಕಾದಿದೆ. ಫೆಲೋಶಿಪ್ ಈ ತಿಂಗಳಿಗೆ ಮುಗಿಯುತ್ತದೆ. ಅವಳು ಪ್ರತಿ ತೆರೆದು ಸಹಿಯ ಜಾಗಕ್ಕೆ ಬೆರಳಿಟ್ಟಳು. ಉಗುರಿನ ಪಕ್ಕ ಬ್ಲೇಡು ತಾಗಿದ ಹಳೆಯ ಗಾಯ. ಚಿಂತಾಮಣಿಯ ರಿಸಲ್ಟ್ ಸೇರಿಸಬೇಕಾ, ಏನು ಮಾಡಣ ಎಂದು ಕೇಳಿದಳು. ಈಗ, ಎಂದು ಪಂಕಜಳ ಮನಸ್ಸು ಹೇಳಿತು. ಮುನೇಶ್ ಸೀಲಿನ ಪ್ಯಾಡಿಗೆ ಉಗುಳು ಹಾಕಲೋ ಬೇಡವೋ ಎಂದು ನೋಡುತ್ತಿದ್ದ. ಪಂಕಜಳ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಶಾಲೆಯ ಅಂಕಪಟ್ಟಿಗೆ ಸಹಿ ಹಾಕಲೂ ಕನ್ನಡಕ ಹುಡುಕುತ್ತಿದ್ದರು. ಓದದೆ ಹಾಕಿದ ಸಹಿ ಬೇರೆಯವರ ಮನೆಯ ಎಂಜಲು ಎನ್ನುತ್ತಿದ್ದರು. ಓದಿಯೂ ಹಾಕಿದ ಸಹಿಗೆ ಏನೆನ್ನಬೇಕೋ ಅವರು ಹೇಳಿಕೊಟ್ಟಿರಲಿಲ್ಲ.

"ಅದು ಆಮೇಲೆ ನೋಡಣ," ಎಂದಳು ಪಂಕಜ. "ಮೊದಲು ಇದು ಹೋಗ್ಲಿ."

ಐದು ಪ್ರತಿ, ಐದು ಸಹಿ. ಐದನೆಯದು ಮೊದಲನೆಯದಕ್ಕಿಂತ ಚೆನ್ನಾಗಿ ಬಂತು. ಮುನೇಶ್ ಸೀಲೊತ್ತಿ, ಪಾರ್ಟಿ ಯಾವಾಗಮ್ಮ ಎಂದು ಕವಿತಳನ್ನು ರೇಗಿಸಿ ಹೋದ. ಹುಡುಗಿ ನಗುತ್ತ ನಿಂತಿದ್ದಳು. ಆ ನಗು ನೋಡಲಾಗದೆ ಪಂಕಜ, ಮಧ್ಯಾಹ್ನ ಶಿಡ್ಲಘಟ್ಟಕ್ಕೆ ಹೋಗಿ ಬರೋಣವೇ ಎಂದುಬಿಟ್ಟಳು. ಬಾಯಿಂದ ಮಾತು ಬಿದ್ದ ಮೇಲೆ ಅದಕ್ಕೊಂದು ಕಾರಣವೂ ಸಿಕ್ಕಿತು. ಅರಿಶಿನ ಅವರು ದಿನವೂ ಇಡುತ್ತಾರೆಂದು ಯಾರು ಹೇಳಿದರು? ಮೊದಲ ದಿನ, ಅತಿಥಿ ಬಂದಿದ್ದಾರೆಂದು, ಶಾಸ್ತ್ರಕ್ಕೆ ಒಮ್ಮೆ ಇಟ್ಟಿರಬಹುದು. ಹಾಗಿದ್ದರೆ ಆರು ಸಾವಿರದಲ್ಲಿ ನೂರೋ ಇನ್ನೂರೋ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ. ಕೊಂಡಮ್ಮ ಒಂದು ಮಾತು ಹೇಳಿದರೆ ಸಾಕು. ಕವಿತಳಿಗೆ ಬೇರೆಯದೇ ಅರ್ಥವಾಗಿತ್ತು. ನಾನೂ ಅದೇ ಅಂದ್ಕೊಂಡಿದ್ದೆ ಮೇಡಂ, ಕೊಂಡಮ್ಮನಿಗೆ ಮೊದಲು ಸಿಹಿ ಕೊಡ್ಬೇಕು ಎಂದಳು. ಪಂಕಜ ಮೇಜಿನ ಖಾನೆಯಿಂದ ಪೆನ್ನಿನಷ್ಟು ದೊಡ್ಡ ಯೂವಿ ಟಾರ್ಚನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಳು.

ಬಸ್ಸು ಅರ್ಧ ಖಾಲಿಯಿತ್ತು. ಕವಿತ ಕಿಟಕಿಯ ಪಕ್ಕ, ತೊಡೆಯ ಮೇಲೆ ಪೇಡೆಯ ಡಬ್ಬಿ, ಕಾಲ ಬಳಿ ನೀಲಿ ಪ್ರತಿಗಳ ಚೀಲ. ಗೌರಿಬಿದನೂರಿನಲ್ಲಿ ನೋಡಿದ ಒಂದು ರೂಮಿನ ಬಗ್ಗೆ ಹೇಳಿದಳು. ಮೇಲೆ ಮಹಡಿ, ಮುಂದೆ ನುಗ್ಗೆ ಮರ, ಓನರಮ್ಮ ಜಾತಿ ಕೇಳಲಿಲ್ಲ ಮೇಡಂ, ಊಟ ನಾನ್ವೆಜ್ಜಾ ಅಂತ ಕೇಳಿದ್ರು, ಅಂದ್ರೆ ಅದೇ, ಎಂದು ನಕ್ಕಳು. ಪಂಕಜ ನಗಲಾರದೆ ಹೊರಗೆ ನೋಡಿದಳು. ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಮೈಸೂರಿನ ಒಂದು ಸಭೆಯಲ್ಲಿ ಕೈಯ ಫೋಟೋ ಆದ ಮೇಲೆ ಅವಳು ಕವಿತಳನ್ನು ಎಬ್ಬಿಸಿ ನಿಲ್ಲಿಸಿದ್ದಳು. ಮೇಲೂರಿನ ಕೂಲಿಯವರ ಮಗಳು, ಮನೆಗೇ ಮೊದಲ ಡಾಕ್ಟರೇಟ್ ತರುವವಳು ಎಂದು ಪರಿಚಯಿಸಿದ್ದಳು. ಚಪ್ಪಾಳೆಯ ನಡುವೆ ಹುಡುಗಿ ತನ್ನ ಚಪ್ಪಲಿ ನೋಡಿಕೊಳ್ಳುತ್ತ ನಿಂತಿದ್ದಳು. ವಾಪಸು ಬರುವಾಗ ರೈಲಿನಲ್ಲಿ ಬಹಳ ಹೊತ್ತಿನ ಮೇಲೆ, ನಮ್ಮಪ್ಪ ಕೂಲಿಯವರಲ್ಲ ಮೇಡಂ, ಲೈನ್‌ಮನ್ ಎಂದಿದ್ದಳು. ಗಂಗುಲಪ್ಪ ಅಂದ್ರೆ ಸುತ್ತ ಹತ್ತೂರಿಗೆ ಗೊತ್ತು, ಮಳೇಲಿ ಕಂಬ ಹತ್ತಿ ಎಲ್ಲರ ಮನೆಗೂ ಕರೆಂಟ್ ಕೊಟ್ಟೋರು. ಓ, ಹೌದಾ ಎಂದಿದ್ದಳು ಪಂಕಜ. ಮುಂದಿನ ಸಭೆಯಲ್ಲಿ ಕೂಲಿ ಎಂಬ ಮಾತನ್ನು ಬಿಟ್ಟು ಸಾಮಾನ್ಯ ಕುಟುಂಬ ಎಂದಿದ್ದಳು. ಒಮ್ಮೆ ಅವರ ಮನೆಗೆ ಹೋದಾಗ ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಆ ಮನುಷ್ಯ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಕುಳಿತು, ನಿಮ್ಮ ಕ್ಯಾಮೆರಾ ಎಷ್ಟು ವೋಲ್ಟು ಎಂದು ವಿಚಾರಿಸಿದ್ದರು. ಅವಳಿಗೆ ಗೊತ್ತಿರಲಿಲ್ಲ. ಈಗ ಹೇಳಿಬಿಡಬೇಕು, ಬಸ್ಸು ಊರು ಸೇರುವುದರೊಳಗೆ ಹೇಳಬೇಕು ಎಂದುಕೊಂಡಳು. ಟಿಕೆಟ್ಟಿನ ಚೂರನ್ನು ಸುರುಳಿ ಸುತ್ತಿ, ಬಿಚ್ಚಿ, ಸುತ್ತಿದಳು. ಊರು ಬಂತು.

ಕೋಠಿಯ ಕೆಲಸ ಮುಗಿಯುವ ಹೊತ್ತು. ಹೆಂಗಸರು ಕೈ ತೊಳೆದು ಹೊರಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಕೊಂಡಮ್ಮ ಒಳಗೆ ಚಿಟ್ಟೆಯ ಕೋಣೆಯಲ್ಲಿದ್ದಳು. ಬೆಳಕು ಬೀಳದಂತೆ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆ ಅದು, ಕಣ್ಣು ಹೊಂದುವವರೆಗೆ ರೆಕ್ಕೆಗಳ ಸದ್ದು ಮಾತ್ರ. ನೂರಾರು ರೆಕ್ಕೆ, ಹಾರಲಾರದವು, ಒಂದೇ ಸಮನೆ ನಡುಗುವ ಸದ್ದು. ಎವರು, ಯಾರದು, ಎಂದಿತು ಕತ್ತಲು. ಕವಿತಳ ದನಿ ಕೇಳಿ, ಏಂ ಪಾಪ, ಏನು ಮಗಾ, ಮದುವೆ ಊಟಕ್ಕೆ ಕರೆಯಕ್ಕೆ ಬಂದ್ಯಾ ಎಂದು ನಕ್ಕಳು. ಪುಸ್ತಕ ಮುಗೀತು ಕೊಂಡಮ್ಮ, ಸಹಿ ಆಯ್ತು ಎಂದು ಕವಿತ ಡಬ್ಬಿ ಚಾಚಿದಳು. ಇರು, ಈ ತಟ್ಟೆ ಒಂದು ಆಗ್ಲಿ ಎಂದು ಕೊಂಡಮ್ಮ ನಾಳೆಗೆ ಇಡಬೇಕಾದ ಹೆಣ್ಣು ಗೂಡುಗಳ ತಟ್ಟೆಯತ್ತ ಬಾಗಿದಳು. ಸೊಂಟದಲ್ಲಿ ಸಿಕ್ಕಿಸಿದ ಸಣ್ಣ ಚೀಲಕ್ಕೆ ಎರಡು ಬೆರಳು ಹಾಕಿ ತೆಗೆದು, ತಟ್ಟೆಯ ಸುತ್ತ ರಂಗೋಲಿ ಎಳೆದಂತೆ ಉದುರಿಸಿ, ಅದೇ ಕೈಯಲ್ಲಿ ಗೂಡುಗಳನ್ನು ಒಮ್ಮೆ ಕಲಸಿ ಹರವಿದಳು. ಪಂಕಜ ಕೇಳಬೇಕಾದದ್ದನ್ನು ಆ ಕೈ ಆಗಲೇ ಹೇಳಿಯಾಗಿತ್ತು. ಆದರೂ ಕೇಳಿದಳು.

"ದಿನಾ ಹಾಕ್ತೀರಾ ಕೊಂಡಮ್ಮ, ಅರಿಶಿನ?"

"ದಿನಾ ಹಾಕ್ದೆ? ಇಲ್ದಿದ್ರೆ ಚೀಮಲು ಬರ್ತಾವಲ್ಲ ಮೇಡಮ್ಮ. ಇರುವೆ. ಗಂಡಿನ ತಟ್ಟೆ ತಣ್ಣಗಿನ ರೂಮಿಗೆ ಹೋಗ್ತದೆ, ಅಲ್ಲಿಗೆ ಬರಲ್ಲ. ಹೆಣ್ಣು ಇಲ್ಲೇ ಇರ್ತಾವೆ, ಮೊಟ್ಟೆ ಇಡೋ ತನಕ."

ಇರುವೆ, ಎಂದಳು ಪಂಕಜ. ಅವತ್ತು ಬೇರೆ ಹೇಳಿದಿರಲ್ಲ, ಹೆಣ್ಣುಮಕ್ಕಳು, ತಾಯಾಗುವವರು, ಅದಕ್ಕೇ ಅರಿಶಿನ ಎಂದು. ಕೊಂಡಮ್ಮನಿಗೆ ಮೊದಲು ನೆನಪಾಗಲಿಲ್ಲ. ನೆನಪಾದ ಮೇಲೆ ನಾಚಿಕೊಂಡು ನಕ್ಕಳು.

"ಅಯ್ಯೋ, ಅವತ್ತು ನೀವು ಅಷ್ಟು ಆಸೆಯಿಂದ ಫೋಟೋ ತೆಗೀತಿದ್ರಿ. ಇರುವೆ ಅಂದ್ರೆ ಏನು ಚೆನ್ನಾಗಿರ್ತದೆ ಅಂತ..."

ಕವಿತ ಗಟ್ಟಿಯಾಗಿ ನಕ್ಕಳು. ನಗುತ್ತ ನಗುತ್ತಲೇ ಅವಳ ನಗು ಸಣ್ಣದಾಗುತ್ತ ಬಂದದ್ದು ಕತ್ತಲಲ್ಲಿ ಪಂಕಜಳಿಗೆ ಕೇಳಿಸಿತು. ನಗು ನಿಂತಿತು. ರೆಕ್ಕೆಗಳ ಸದ್ದು ಉಳಿಯಿತು. ಪಂಕಜ ಬ್ಯಾಗಿನಿಂದ ಟಾರ್ಚು ತೆಗೆದು ಒತ್ತಿದಳು. ಬೆಳಕು ಅನ್ನಿಸಿಕೊಳ್ಳದ ನೇರಳೆ ಬೆಳಕು ತಟ್ಟೆಯ ಮೇಲೆ ಬಿತ್ತು. ತಟ್ಟೆಯ ಅಂಚು, ಗೂಡುಗಳ ಮೈ, ಅದರ ಮೇಲೆ ಇನ್ನೂ ಚಾಚಿಕೊಂಡಿದ್ದ ಕೊಂಡಮ್ಮನ ಕೈ, ಗೆರೆ ಬಿದ್ದ ಹೆಬ್ಬೆರಳು, ಉಗುರಿನ ಸಂದಿ, ಮುಂಗೈವರೆಗೂ ಹಳದಿಯಾಗಿ ಉರಿಯಿತು. ಕೊಂಡಮ್ಮ, ಇದೇನಿದು, ದೇವರ ಮೈ ಇದ್ದಂಗೆ ಐತಲ್ಲ ಎಂದು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕವಿತ ಬಂದು ಪಂಕಜಳ ಕೈಯಿಂದ ಟಾರ್ಚನ್ನು ಮೆಲ್ಲಗೆ ತೆಗೆದುಕೊಂಡಳು. ತಟ್ಟೆಯ ಮೇಲೆ ಆಡಿಸಿದಳು. ಗಂಡಿನ ಒಂದು ಗೂಡು ಹುಡುಕಿ ತಂದು ಪಕ್ಕದಲ್ಲಿಟ್ಟು ನೋಡಿದಳು. ಆಮೇಲೆ ಬೆಳಕನ್ನು ಪಂಕಜಳ ಸೀರೆಯ ಕಡೆ ತಿರುಗಿಸಿದಳು. ಬೇಕೆಂದೇ ತಿರುಗಿಸಿದಳೋ ಕೈ ಹೊರಳಿತೋ. ಸೆರಗಿನ ತುದಿಯಲ್ಲಿ, ಬೆಳಿಗ್ಗೆ ಲ್ಯಾಬಿನಲ್ಲಿ ಬೆರಳು ಒರೆಸಿಕೊಂಡ ಜಾಗ, ಹಳದಿಯಾಗಿ ಹೊಳೆಯಿತು. ಬೆಳಕು ಅಲ್ಲಿಂದ ಕದಲಲಿಲ್ಲ.

"ಸೈನ್ ಮಾಡೋವಾಗ ನಿಮಗೆ ಗೊತ್ತಿತ್ತಾ ಮೇಡಂ?"

ಇಲ್ಲ ಎಂಬ ಮಾತು ತುಟಿಯವರೆಗೆ ಬಂದಿತ್ತು. ಎಷ್ಟು ಸಲೀಸಾಗಿ ಬಂದಿತ್ತೆಂದರೆ, ಹೇಳಿಬಿಟ್ಟಿದ್ದೇನೆಂದೇ ಪಂಕಜ ಒಂದು ಕ್ಷಣ ಅಂದುಕೊಂಡಳು. ಹೇಳಿದ್ದರೆ ಹುಡುಗಿ ನಂಬುತ್ತಿದ್ದಳು. ಆಯ್ತು ಮೇಡಂ ಎನ್ನುತ್ತಿದ್ದಳು. ಕತ್ತಿನ ಹಿಂದೆ ಮತ್ತೆ ಆ ಒಲೆ ಹತ್ತಿಕೊಂಡಿತು, ಕಿವಿ ಸುಟ್ಟಿತು.

"ಗೊತ್ತಿತ್ತು," ಎಂದಳು.

ಕವಿತ ಟಾರ್ಚು ಆರಿಸಿದಳು. ಕತ್ತಲಲ್ಲಿ ಚೀಲದ ಜಿಪ್ ಎಳೆದ ಸದ್ದು, ರಟ್ಟು ತೆರೆದ ಸದ್ದು. ಹರಿಯುತ್ತಾಳೆ ಎಂದು ಪಂಕಜ ಕಾದಳು, ಹರಿಯಲಿ ಎಂದೂ ಕಾದಳು. ಕಾಗದ ಹರಿಯುವ ಸದ್ದು ಬರಲಿಲ್ಲ. ಇನ್ನೂ ಆರು ತಿಂಗಳು ಅವಧಿ ಕೇಳಬಹುದು, ತಾನೇ ಅರ್ಜಿ ಬರೆಯುತ್ತೇನೆ, ಯಂತ್ರ ಯಾಕೆ ಸೋತಿತು ಎಂಬುದೂ ಒಂದು ಅಧ್ಯಾಯವೇ ಆಗುತ್ತದೆ, ಗೌರಿಬಿದನೂರಿನವರ ಜೊತೆ ತಾನೇ ಮಾತಾಡುತ್ತೇನೆ ಎಂದು ಪಂಕಜ ಹೇಳುತ್ತ ಹೋದಳು. ಹೇಳಿದಷ್ಟೂ ತನ್ನ ದನಿ ಸಭೆಯ ದನಿಯಾಗುತ್ತಿರುವುದು ಗೊತ್ತಾಗಿ ನಿಲ್ಲಿಸಿದಳು. ಆರು ತಿಂಗಳು ಎಂದರೆ ನುಗ್ಗೆ ಮರದ ರೂಮು ಹೋಯಿತು. ಗಂಗುಲಪ್ಪನವರು ಊರಲ್ಲಿ ಹಂಚಿದ ಸಿಹಿ ಹೋಯಿತು. ತನ್ನದೇನು ಹೋಯಿತು, ಒಂದು ಬುಧವಾರ.

"ಪ್ರಿಂಟ್ ಆಗಿರೋ ಪೇಪರ್‌ಗೆ ಏನ್ ಮಾಡ್ತೀರ?" ಎಂದಳು ಕವಿತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತು. "ತಪ್ಪಾಗಿದೆ ಅಂತ ಅವರಿಗೆ ಬರೀಬೇಕಲ್ಲ. ನೀವೇ ಬರೀಬೇಕು ಮೇಡಂ. ಮೊದಲನೇ ಹೆಸರು ನಿಮ್ದು."

ಹೌದು, ಎಂದಳು ಪಂಕಜ. ಬುಧವಾರಕ್ಕೆ ಮೊದಲಾ, ಆಮೇಲಾ ಎಂದು ಹುಡುಗಿ ಕೇಳಲಿಲ್ಲ. ಕೇಳಿದ್ದರೂ ಚೆನ್ನಾಗಿತ್ತು, ಉತ್ತರ ಹೇಳುವ ಮರ್ಯಾದೆಯಾದರೂ ಸಿಗುತ್ತಿತ್ತು. ಕೇಳದೆ ಬಿಟ್ಟದ್ದರಿಂದ ಆ ತೀರ್ಮಾನ ಪಂಕಜಳ ಕೈಗೇ ಬಂದು ಕೂತಿತು. ಏನು ತಪ್ಪಾಯಿತೆಂದು ತಿಳಿಯದೆ, ತನ್ನಿಂದ ಏನೋ ಆಯಿತೆಂದು ಮಾತ್ರ ತಿಳಿದು, ಕೊಂಡಮ್ಮ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ನಾ ಏನಾದ್ರೂ ಅನ್ಬಾರ್ದು ಅಂದ್ನಾ ಪಾಪ ಎಂದು ಕೇಳಿದಳು. ಇಲ್ಲ ಕೊಂಡಮ್ಮ, ನೀವು ಅರಿಶಿನ ಹಾಕ್ತಾ ಇರಿ, ಇರುವೆ ಬರುತ್ತೆ ಎಂದಳು ಕವಿತ. ಆಮೇಲೆ, ನಾಳೆ ಗೂಡಿನ ಲಾಟು ಎಷ್ಟು ಗಂಟೆಗೆ ಬರುತ್ತೆ ಎಂದು ವಿಚಾರಿಸಿದಳು. ಆರಕ್ಕೆ ಎಂದಳು ಕೊಂಡಮ್ಮ. ನೀವು ಮುಟ್ಟೋಕೆ ಮೊದಲು ನನಗೆ ಇನ್ನೂರು ಕೊಡ್ತೀರಾ, ನಂಬರ್ ಬರ್ಕೋಬೇಕು. ಕೊಂಡಮ್ಮ ತಲೆಯಾಡಿಸಿ, ಬಿಕ್ಕಟ್ಟು ಕಳೆಯಿತೆಂಬಂತೆ ಪೇಡೆಯ ಡಬ್ಬಿ ಬಿಚ್ಚಿದಳು. ಒಂದನ್ನು ಕವಿತಳ ಕೈಗಿಟ್ಟಳು. ಅವಳು ಅದನ್ನು ಹಿಡಿದುಕೊಂಡು, ತಿನ್ನದೆ, ಪ್ರತಿಗಳ ಚೀಲ ಹೆಗಲಿಗೇರಿಸಿ ಬೆಳಕಿಗೆ ಹೋದಳು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಲಿಲ್ಲ. ಬಸ್ಸು ನಿಲ್ದಾಣಕ್ಕೆ ಇಬ್ಬರೂ ಒಂದೇ ದಾರಿಯಲ್ಲಿ ನಡೆಯಬೇಕಿತ್ತು.

ಮೇಡಮ್ಮ, ನೀವು, ಎಂದು ಕೊಂಡಮ್ಮ ಇನ್ನೊಂದು ಪೇಡೆ ಚಾಚಿದಳು. ಅವಳು ಕೈ ತೊಳೆದಿರಲಿಲ್ಲ. ಆ ಕತ್ತಲಲ್ಲಿ ಹಳದಿ ಕಾಣುತ್ತಿರಲಿಲ್ಲ, ಆದರೆ ಪಂಕಜಳಿಗೆ ಗೊತ್ತಿತ್ತು. ಬಾಯಿಗಿಟ್ಟುಕೊಂಡಳು. ಸಿಹಿಯ ಅಂಚಿನಲ್ಲಿ ಅರಿಶಿನದ ಕಹಿ ನಾಲಿಗೆಗೆ ಹತ್ತಿತು. ನುಂಗಿ, ಚೆನ್ನಾಗಿದೆ ಕೊಂಡಮ್ಮ ಎಂದು, ತಪ್ಪಾಗಿದೆ ಎಂದು ಬರೆಯಬೇಕಾದ ಮೊದಲ ಸಾಲನ್ನು ಮನಸ್ಸಿನಲ್ಲೇ ಜೋಡಿಸುತ್ತ, ಬ್ಯಾಗಿನಲ್ಲಿ ಫೋನಿಗಾಗಿ ತಡಕುತ್ತ ಹೊರಗೆ ಬಂದಳು.